ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ ಅಂತ ಬರೆದರೆ ರೀಸನರ್ ಒಪ್ಪುತ್ತಿಲ್ಲ, ಏನು ಮಾಡಲಿ?

ಕೋಶಕುತೂಹಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರ ಓದಿದವಳು, ಕಂಪ್ಯೂಟರ್ ಕಡೆಗೆ ಈಗೀಗ ಬರುತ್ತಿದ್ದೇನೆ. ಜೀವಕೋಶ, ಜೀನ್, ಪ್ರೋಟೀನ್ ಬಗ್ಗೆ ನಮಗೆ ಗೊತ್ತಿರುವುದನ್ನು ತರ್ಕದ ವಾಕ್ಯಗಳಾಗಿ ಬರೆದಿಟ್ಟು, ಅದರಿಂದ ಕಂಪ್ಯೂಟರ್ ತಾನೇ ತೀರ್ಮಾನ ತೆಗೆಯುವ ಹಾಗೆ ಮಾಡಬೇಕು ಅನ್ನುವುದು ನನ್ನ ಆಸೆ. ಪ್ರೊಟೆಜೆ ಅನ್ನುವ ತಂತ್ರಾಂಶದಲ್ಲಿ, ಔಲ್ ಅನ್ನುವ ತರ್ಕದ ಭಾಷೆ ಬಳಸಿ ಒಂದು ಸಣ್ಣ ಆಂಟಾಲಜಿ (ಏನು ಯಾವುದರ ಜಾತಿ, ಏನು ಯಾವುದರ ಭಾಗ ಅನ್ನುವ ವಾಕ್ಯಗಳ ಸಂಗ್ರಹ) ಬರೆಯುತ್ತಿದ್ದೇನೆ. ಆ ವಾಕ್ಯಗಳಿಂದ ತೀರ್ಮಾನ ತೆಗೆಯುವ ತಂತ್ರಾಂಶ, ಅಂದರೆ ರೀಸನರ್, ಹರ್ಮಿಟ್. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು. "ಪ್ರತಿ ಯೂಕ್ಯಾರಿಯೋಟ್ ಕೋಶದಲ್ಲೂ (ಪ್ರಾಣಿ, ಸಸ್ಯ, ಶಿಲೀಂಧ್ರಗಳಂಥವುಗಳ ಕೋಶ) ನ್ಯೂಕ್ಲಿಯಸ್ ಇರುತ್ತದೆ" ಅಂತ ಬರೆದೆ. ಯಾವ ಪುಸ್ತಕ ತೆಗೆದರೂ ಮೊದಲ ಪಾಠದಲ್ಲೇ ಸಿಗುವ ಮಾತು. ಆಮೇಲೆ ಮನುಷ್ಯನ ಕೆಂಪು ರಕ್ತಕಣ ಒಂದು ಯೂಕ್ಯಾರಿಯೋಟ್ ಕೋಶ, ಅದಕ್ಕೆ ನ್ಯೂಕ್ಲಿಯಸ್ ಇಲ್ಲ ಅಂತ ಸೇರಿಸಿದೆ. ರೀಸನರ್ ಓಡಿಸಿದ ಕೂಡಲೇ ಕೆಂಪು ರಕ್ತಕಣದ ಹೆಸರೇ ಕೆಂಪಾಯಿತು. ಅಂದರೆ ಅಂಥ ಕೋಶ ಇರುವುದಕ್ಕೇ ಸಾಧ್ಯವಿಲ್ಲವಂತೆ! ನಮ್ಮ ಮೈಯಲ್ಲಿ ಬೇರೆಲ್ಲ ಕೋಶಗಳಿಗಿಂತ ಜಾಸ್ತಿ ಇರುವುದೇ ಅದು.

ಎರಡನೆಯದು. ಯಾವ ಪ್ರೋಟೀನಿನಲ್ಲಿ ಯಾವ ಡೊಮೈನ್ (ಪ್ರೋಟೀನಿನೊಳಗೆ ತನ್ನದೇ ಕೆಲಸ ಇರುವ ತುಂಡು) ಇದೆ ಅಂತ ಒಂದಷ್ಟು ಮಾಹಿತಿ ತುಂಬಿದ್ದೇನೆ. ಕೈನೇಸ್ ಡೊಮೈನ್ ಇರುವ ಪ್ರೋಟೀನ್ ಯಾವುವು ಅಂತ ಕೇಳಿದರೆ ಸರಿಯಾಗಿ ಹೇಳುತ್ತದೆ. ಕೈನೇಸ್ ಡೊಮೈನ್ ಇಲ್ಲದವು ಯಾವುವು ಅಂತ ಕೇಳಿದರೆ ಒಂದೂ ಬರುವುದಿಲ್ಲ. ಪಟ್ಟಿ ಕಣ್ಣ ಮುಂದೆಯೇ ಇದೆ, ಅಲ್ವಾ, ನೋಡಿ ಹೇಳೋಕೆ ಏನು ಕಷ್ಟ?

ಮೂರನೆಯದು ಇನ್ನೂ ತಲೆ ತಿನ್ನುತ್ತಿದೆ. ಪಿ53 ಅನ್ನುವ ಪ್ರೋಟೀನ್ ಇದ್ದರೆ ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ತಯಾರಾಗುತ್ತದೆ. ಎಂಡಿಎಂ2 ಇದ್ದರೆ ಅದು ಪಿ53ಯನ್ನು ನಾಶ ಮಾಡಿಸುತ್ತದೆ, ಅಂದರೆ ಪಿ53 ಇರುವುದಿಲ್ಲ. ಈ ಎರಡು ವಾಕ್ಯ ಜೋಡಿಸಿದರೆ ಪಿ53 ಇದ್ದರೆ ಪಿ53 ಇಲ್ಲ ಅಂತಾಯಿತು. ತರ್ಕದ ಪ್ರಕಾರ ಇದರ ಅರ್ಥ ಪಿ53 ಎಂದೂ ಇರುವುದೇ ಇಲ್ಲ. ಎರಡೂ ವಾಕ್ಯ ನಿಜ, ತೀರ್ಮಾನ ಮಾತ್ರ ಸುಳ್ಳು.

ಇದೆಲ್ಲ ನೋಡಿದರೆ ಜೀವಶಾಸ್ತ್ರಕ್ಕೆ ತರ್ಕ ಒಗ್ಗುವುದೇ ಇಲ್ಲವೇನೋ, ಸುಮ್ನೆ ಸಂಭವನೀಯತೆಯ ದಾರಿ ಹಿಡಿಯಬೇಕೇನೋ ಅನಿಸುತ್ತಿದೆ. ಅನುಭವ ಇರುವವರು ಹೇಳಿ.


ಹಳೇಹುಲಿ:

ತರ್ಕವನ್ನು ಬಿಡಬೇಡಿ ಮೇಡಂ, ಇನ್ನೂ ಸ್ವಲ್ಪ ತಾಳಿ. ನಿಮ್ಮ ಮೂರೂ ಪ್ರಶ್ನೆ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಮೂರಕ್ಕೂ ಬೇರೆ ಬೇರೆ ಮದ್ದು. ನಾನು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಉಳಿದದ್ದಕ್ಕೆ ಇಲ್ಲಿ ಬೇರೆ ಪಂಡಿತರಿದ್ದಾರೆ.

ರೀಸನರ್ ಸರಿಯಾಗಿಯೇ ಕೆಲಸ ಮಾಡಿದೆ. ಪುಸ್ತಕದಲ್ಲಿ "ಇರುತ್ತದೆ" ಅಂತ ಬರೆದವರ ಮನಸ್ಸಿನಲ್ಲಿ "ಸಾಮಾನ್ಯವಾಗಿ" ಅನ್ನುವುದು ಅಡಗಿರುತ್ತದೆ. ಓದುವ ನಮಗೂ ಅದು ಗೊತ್ತಿರುತ್ತದೆ. ಔಲ್‌ಗೆ ಆ ಸೌಜನ್ಯ ಇಲ್ಲ. ಅದರಲ್ಲಿ ಪ್ರತಿ ಅಂದರೆ ಪ್ರತಿಯೊಂದೂ, ಒಂದೂ ಬಿಡದೆ. ಕೆಂಪು ರಕ್ತಕಣ ಒಂದೇ ಅಲ್ಲ, ಪ್ಲೇಟ್ಲೆಟ್‌ಗೂ ನ್ಯೂಕ್ಲಿಯಸ್ ಇಲ್ಲ, ಗಿಡಗಳ ಫ್ಲೋಯಮ್‌ನಲ್ಲಿ ಬಲಿತ ಜರಡಿ ನಳಿಕೆಯ ಕೋಶಗಳಿಗೂ ಇಲ್ಲ. ಇನ್ನೊಂದು ಕಡೆ ಅಸ್ಥಿಪಂಜರದ ಸ್ನಾಯುವಿನ ಒಂದೇ ಎಳೆಯಲ್ಲಿ ಎಷ್ಟೋ ನ್ಯೂಕ್ಲಿಯಸ್ ಇರುತ್ತವೆ. ಹಾಗಾಗಿ "ಒಂದು ನ್ಯೂಕ್ಲಿಯಸ್" ಅಂತ ಬರೆದಿದ್ದರೆ ಅಲ್ಲೂ ಹೊಡೆತ ಬೀಳುತ್ತಿತ್ತು.

ಈಗ ಅದೇ ವಾಕ್ಯವನ್ನು ತಿರುಗಿಸಿ ನೋಡಿ. ಪ್ರತಿ ನ್ಯೂಕ್ಲಿಯಸ್ಸೂ ಯಾವುದೋ ಒಂದು ಕೋಶದ ಭಾಗ. ಇದಕ್ಕೆ ನಿಮ್ಮ ಆಂಟಾಲಜಿಯಲ್ಲಿ ಯಾವ ತಕರಾರೂ ಬರುವುದಿಲ್ಲ. "ಭಾಗ" ಮತ್ತು "ಭಾಗವಾಗಿ ಹೊಂದಿದೆ" ಒಂದಕ್ಕೊಂದು ತಿರುಗುಮುರುಗು ಸಂಬಂಧ ನಿಜ, ಆದರೆ "ಪ್ರತಿ" ಸೇರಿಸಿದ ಮೇಲೆ ಒಂದು ದಿಕ್ಕಿನ ವಾಕ್ಯ ನಿಜವಾದರೆ ಇನ್ನೊಂದು ದಿಕ್ಕಿನದೂ ನಿಜ ಅಂತೇನಿಲ್ಲ. ಹೊಸಬರು ಎಡವುವುದು ಜಾಸ್ತಿ ಇಲ್ಲೇ. ವೃಷಣ ಗಂಡಿನ ದೇಹದ ಭಾಗ ಅನ್ನಬಹುದು, ಪ್ರತಿ ಮನುಷ್ಯ ದೇಹದಲ್ಲೂ ವೃಷಣ ಇದೆ ಅನ್ನೋಕಾಗುತ್ತಾ? ಈ ಸಂಬಂಧಗಳಿಗೆ ಗಟ್ಟಿಯಾದ ವ್ಯಾಖ್ಯೆ ಕೊಡುವ ಕೆಲಸ 2005ರ ಹೊತ್ತಿಗೆ ಬ್ಯಾರಿ ಸ್ಮಿತ್ ಮತ್ತು ಜೊತೆಗಾರರು ಮಾಡಿದರು. ಅದಕ್ಕೂ ಮುಂಚೆ ಒಂದೊಂದು ಆಂಟಾಲಜಿಯಲ್ಲಿ "ಭಾಗ" ಅಂದರೆ ಒಂದೊಂದು ಅರ್ಥ.

ನಿಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು. ಯೂಕ್ಯಾರಿಯೋಟ್ ಕೋಶದ ಮೇಲಿರುವ ಆ ನ್ಯೂಕ್ಲಿಯಸ್ ವಾಕ್ಯ ತೆಗೆದುಹಾಕಿ. ನ್ಯೂಕ್ಲಿಯಸ್ ಇರುವ ಕೋಶ, ಇಲ್ಲದ ಕೋಶ ಅಂತ ಎರಡು ಕ್ಲಾಸ್ (ಗುಂಪು) ಮಾಡಿ, ಎರಡೂ ಒಂದಕ್ಕೊಂದು ಸೇರದವು ಅಂತ ಹೇಳಿ. ಜೀವಕೋಶಗಳ ಬಗೆಗಳಿಗೆಂದೇ ಇರುವ ಸೆಲ್ ಆಂಟಾಲಜಿಯಲ್ಲೂ ಹಾಗೇ ಇದೆ. ಅದರಲ್ಲಿ ನ್ಯೂಕ್ಲಿಯಸ್ ಇರುವ ಕೆಂಪು ರಕ್ತಕಣ, ಇಲ್ಲದ ಕೆಂಪು ರಕ್ತಕಣ ಅಂತ ಬೇರೆ ಬೇರೆ ಇಟ್ಟಿದ್ದಾರೆ, ಯಾಕೆಂದರೆ ಹಕ್ಕಿಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುತ್ತದೆ. ಇನ್ನೊಂದು ಸೂಕ್ಷ್ಮ: ನಮ್ಮ ಕೆಂಪು ರಕ್ತಕಣವೂ ಹುಟ್ಟುವಾಗ ನ್ಯೂಕ್ಲಿಯಸ್ ಇಟ್ಟುಕೊಂಡೇ ಇರುತ್ತದೆ, ಅಸ್ಥಿಮಜ್ಜೆಯಲ್ಲಿ ಬಲಿಯುವಾಗ ಅದನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಎರಿಥ್ರೋಬ್ಲಾಸ್ಟ್ (ನ್ಯೂಕ್ಲಿಯಸ್ ಇನ್ನೂ ಇರುವ ಎಳೆಯ ಕಣ) ಬೇರೆ ಕ್ಲಾಸ್, ಬಲಿತ ಕಣ ಬೇರೆ ಕ್ಲಾಸ್, ನಡುವೆ "ಇದರಿಂದ ಬೆಳೆದದ್ದು" ಅನ್ನುವ ಸಂಬಂಧ. ಒಂದನ್ನು ಇನ್ನೊಂದರ ಉಪಕ್ಲಾಸ್ ಮಾಡಿದಿರೋ, ಕೆಂಪು ಬಣ್ಣ ಮತ್ತೆ ವಾಪಸ್.


ಕಿಣ್ವ:

ಎರಡನೆಯ ಪ್ರಶ್ನೆ ನನ್ನದು.

ಔಲ್‌ನಲ್ಲಿ ಹೇಳದೇ ಇದ್ದದ್ದು ಸುಳ್ಳು ಅಲ್ಲ, ಗೊತ್ತಿಲ್ಲದ್ದು. ಒಂದು ಪ್ರೋಟೀನಿಗೆ ನೀವು ಎಸ್‌ಎಚ್2 ಡೊಮೈನ್ ಒಂದನ್ನು ಬರೆದಿದ್ದೀರಿ ಅಂದುಕೊಳ್ಳಿ. ಕೈನೇಸ್ ಡೊಮೈನ್ ಇಲ್ಲ ಅಂತ ನೀವೆಲ್ಲೂ ಹೇಳಿಲ್ಲ, ಇದ್ದರೂ ಇರಬಹುದು, ಆದ್ದರಿಂದ ರೀಸನರ್ ಬಾಯಿ ಬಿಡುವುದಿಲ್ಲ. "ಈ ಪ್ರೋಟೀನಿನಲ್ಲಿ ಇರುವ ಡೊಮೈನ್‌ಗಳೆಲ್ಲ ಇವೇ, ಬೇರೆ ಯಾವುದೂ ಇಲ್ಲ" ಅಂತ ಪಟ್ಟಿಯನ್ನು ಮುಚ್ಚುವ ಒಂದು ವಾಕ್ಯ ಸೇರಿಸಬೇಕು. ಜೊತೆಗೆ ಎಸ್‌ಎಚ್2 ಮತ್ತು ಕೈನೇಸ್ ಬೇರೆ ಬೇರೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಎರಡೂ ಒಂದೇ ಇರಬಹುದು ಅಂತ ಅದರ ಅನುಮಾನ. ಅನುಮಾನದ ಪಿಶಾಚಿ ಅದು.

ಇದು ಕೆಲಸ ಮಾಡುತ್ತದೆಯೇ ಅಂದರೆ ಮಾಡುತ್ತದೆ. ಪ್ರೋಟೀನ್ ಫಾಸ್ಫಟೇಸ್ ಅನ್ನುವ ಕಿಣ್ವಗಳ ಮೇಲೆ 2006ರಲ್ಲಿ ಇಂಥದ್ದೇ ಒಂದು ಕೆಲಸ ಪ್ರಕಟವಾಯಿತು. ಒಂದೊಂದು ಉಪಕುಟುಂಬಕ್ಕೂ ಯಾವ ಡೊಮೈನ್ ಇರಬೇಕು ಅಂತ ಔಲ್‌ನಲ್ಲಿ ವ್ಯಾಖ್ಯೆ ಬರೆದರು. ಮನುಷ್ಯನ ಮತ್ತು ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನುವ ಶಿಲೀಂಧ್ರದ ಪ್ರೋಟೀನ್‌ಗಳನ್ನು ರೀಸನರ್‌ಗೆ ಕೊಟ್ಟರು, ಯಾವುದು ಎಲ್ಲಿ ಸೇರುತ್ತದೆ ಅಂತ ಅದೇ ವಿಂಗಡಿಸಿತು. ಪರಿಣತರು ಕೈಯಾರೆ ಮಾಡುವ ಕೆಲಸ ಅದು. ನನಗೆ ಅದರಲ್ಲಿ ಇಷ್ಟವಾದದ್ದು, ಯಾವ ವ್ಯಾಖ್ಯೆಗೂ ಸರಿಯಾಗಿ ಹೊಂದದ ಪ್ರೋಟೀನ್ ತಾನಾಗಿಯೇ ಎದ್ದು ಕಾಣುತ್ತದೆ, ಅಲ್ಲಿ ಏನೋ ಹೊಸತಿದೆ ಅಂತ ಸುಳಿವು ಸಿಗುತ್ತದೆ.

ಆದರೆ ಪಟ್ಟಿ ಮುಚ್ಚುವುದಕ್ಕೂ ಬೆಲೆ ಇದೆ. ಮುಚ್ಚಿದಿರಿ ಅಂದರೆ "ಹುಡುಕುವುದೆಲ್ಲ ಹುಡುಕಿ ಆಯಿತು" ಅಂತ ನೀವು ಮಾತು ಕೊಟ್ಟ ಹಾಗೆ. ನಾಳೆ ಅದೇ ಪ್ರೋಟೀನಿನಲ್ಲಿ ಇನ್ನೊಂದು ಡೊಮೈನ್ ಪತ್ತೆಯಾದರೆ ಆ ವಾಕ್ಯ ಕಿತ್ತು ಹೊಸದಾಗಿ ಬರೆಯಬೇಕು. ಅದಕ್ಕೇ ಮುಚ್ಚುವ ವಾಕ್ಯಗಳನ್ನು ಬೇರೆ ಫೈಲಿನಲ್ಲಿಟ್ಟು, ಮೂಲ ಡೇಟಾದಿಂದ ಪ್ರತಿ ಸಲ ಸ್ಕ್ರಿಪ್ಟ್ ಓಡಿಸಿ ತಯಾರಿಸಿಕೊಳ್ಳಿ. ಕೈಯಲ್ಲಿ ಬರೆಯೋಕೆ ಹೋಗಬೇಡಿ.


ಸೊನ್ನೆಒಂದು:

ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ನಿಯಮಗಳನ್ನೇ ಪ್ರೋಗ್ರಾಮ್ ಆಗಿ ಬರೆಯುವ ಪ್ರೋಲಾಗ್ ಅಥವಾ ಆನ್ಸರ್ ಸೆಟ್ ಪ್ರೋಗ್ರಾಮಿಂಗ್ ತಗೊಳ್ಳಿ. ಕೋಶ ಯೂಕ್ಯಾರಿಯೋಟ್ ಆಗಿದ್ದು, ಅಪವಾದ ಅಂತ ಸಾಬೀತಾಗದೇ ಇದ್ದರೆ ನ್ಯೂಕ್ಲಿಯಸ್ ಇದೆ. ಒಂದು ಸಾಲು. ಕೆಂಪು ರಕ್ತಕಣ ಅಪವಾದ, ಪ್ಲೇಟ್ಲೆಟ್ ಅಪವಾದ. ಇನ್ನೆರಡು ಸಾಲು. ಮುಗೀತು. ನಾಳೆ ಹೊಸ ಅಪವಾದ ಸಿಕ್ಕರೆ ಮತ್ತೊಂದು ಸಾಲು, ಹಳೆಯದನ್ನು ಮುಟ್ಟುವುದೇ ಬೇಡ. ಹೊಸ ಮಾಹಿತಿ ಬಂದಾಗ ಹಳೇ ತೀರ್ಮಾನ ವಾಪಸ್ ತೆಗೆದುಕೊಳ್ಳುವುದು ಜೀವಶಾಸ್ತ್ರದವರು ದಿನಾ ಮಾಡುವ ಕೆಲಸ. ಔಲ್‌ನ ತರ್ಕದಲ್ಲಿ ಒಮ್ಮೆ ಬಂದ ತೀರ್ಮಾನ ಎಷ್ಟೇ ವಾಕ್ಯ ಸೇರಿಸಿದರೂ ಹೋಗುವುದಿಲ್ಲ. ಅಪವಾದಗಳೇ ತುಂಬಿರುವ ವಿಷಯಕ್ಕೆ ಇದು ಹೇಗೆ ಸರಿಹೋಗುತ್ತದೆ? ಜೆನೆಟಿಕ್ ಕೋಡ್ ತಗೊಳ್ಳಿ, ಎಲ್ಲ ಜೀವಿಗಳಿಗೂ ಒಂದೇ ಅಂತಾರೆ, ಯುಜಿಎ ಅನ್ನುವ ಮೂರಕ್ಷರದ ಸಂಕೇತ ಅಂದರೆ ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸು ಅಂತಾರೆ, ನಮ್ಮದೇ ಮೈಟೋಕಾಂಡ್ರಿಯದೊಳಗೆ ಹೋದರೆ ಅದೇ ಯುಜಿಎ ಟ್ರಿಪ್ಟೋಫ್ಯಾನ್ ಅನ್ನುವ ಅಮೈನೋ ಆಮ್ಲ ಸೇರಿಸು ಅನ್ನುತ್ತದೆ.

ಪ್ರೋಲಾಗ್‌ನಲ್ಲಿ ಎರಡನೇ ಪ್ರಶ್ನೆಯೂ ಹುಟ್ಟುವುದಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ.

ಆಟಿಕೆ ಅಂತ ಯಾರಾದರೂ ಅಂದುಕೊಂಡರೆ ರೋಬೋಟ್ ವಿಜ್ಞಾನಿ ಆಡಮ್ ಬಗ್ಗೆ ಓದಲಿ. ರಾಸ್ ಕಿಂಗ್ ತಂಡದ್ದು, 2009ರಲ್ಲಿ ಪ್ರಕಟವಾಯಿತು. ಯೀಸ್ಟ್‌ನ ಚಯಾಪಚಯ ಕ್ರಿಯೆಗಳನ್ನು ತರ್ಕದ ವಾಕ್ಯಗಳಾಗಿ ಬರೆದಿದ್ದರು. ಕ್ರಿಯೆ ನಡೆಯುತ್ತದೆ ಅಂತ ಗೊತ್ತು, ಅದರ ಕಿಣ್ವಕ್ಕೆ ಯಾವ ಜೀನ್ ಅಂತ ಗೊತ್ತಿಲ್ಲ, ಅಂಥ ಕಡೆ "ಈ ಜೀನ್ ಇರಬಹುದು" ಅಂತ ಯಂತ್ರವೇ ಊಹೆ ಮಾಡಿ, ಆ ಜೀನ್ ತೆಗೆದ ಯೀಸ್ಟ್ ತಳಿಗಳನ್ನು ಬೆಳೆಸಿ, ಬೆಳವಣಿಗೆ ಅಳೆದು, ಊಹೆ ಸರಿಯೋ ಇಲ್ಲವೋ ನೋಡುತ್ತಿತ್ತು. ಕಾರಣದಿಂದ ಫಲಕ್ಕೆ ಹೋಗುವುದಲ್ಲ, ಫಲದಿಂದ ಕಾರಣಕ್ಕೆ ಹಿಂದೆ ಹೋಗುವ ತರ್ಕ.


ಕಿಣ್ವ:

ಸೊನ್ನೆಒಂದು ಅವರೇ, ಅಪವಾದದ ಮಾತು ಒಪ್ಪಿದೆ. "ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ" ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ರೈಲಿನ ವೇಳಾಪಟ್ಟಿಗೆ ಅದು ಸರಿ, ಅದರಲ್ಲಿ ಇಲ್ಲದ ರೈಲು ನಿಜವಾಗಿಯೂ ಇಲ್ಲ. ಜೀನ್‌ಗಳ ವಿಷಯದಲ್ಲಿ ಪಟ್ಟಿ ಖಾಲಿ ಇರುವುದಕ್ಕೆ ಎಷ್ಟೋ ಸಲ ಕಾರಣ ಒಂದೇ, ಯಾರೂ ಆ ಜೀನ್ ಮೇಲೆ ಕೆಲಸ ಮಾಡಿಲ್ಲ.

ಯಾವ ಜೀನ್ ಏನು ಕೆಲಸ ಮಾಡುತ್ತದೆ ಅಂತ ಬರೆದಿಡುವ ಜೀನ್ ಆಂಟಾಲಜಿಯವರು ಇದಕ್ಕೇ ತಲೆ ಕೆಡಿಸಿಕೊಂಡು ವ್ಯವಸ್ಥೆ ಮಾಡಿದ್ದಾರೆ. 1998ರಲ್ಲಿ ಹಣ್ಣುನೊಣ, ಯೀಸ್ಟ್, ಇಲಿ ಈ ಮೂರರ ಡೇಟಾಬೇಸ್‌ನವರು ಕೂಡಿ ಶುರು ಮಾಡಿದ್ದು ಅದು. ಒಂದು ಜೀನಿಗೆ ಒಂದು ಕೆಲಸ ಇಲ್ಲ ಅಂತ ಪ್ರಯೋಗದಿಂದ ಗೊತ್ತಾಗಿದ್ದರೆ ಅದಕ್ಕೆ "ಅಲ್ಲ" ಅಂತ ಬೇರೆಯೇ ಗುರುತು. ಹುಡುಕಿ ನೋಡಿದೆವು, ಯಾವ ಮಾಹಿತಿಯೂ ಇಲ್ಲ ಅನ್ನುವುದಕ್ಕೆ "ಎನ್‌ಡಿ" ಅಂತ ಬೇರೆ ಕೋಡ್. ಏನೂ ಬರೆಯದೇ ಇರುವುದು ಮೂರನೆಯ ಸ್ಥಿತಿ. ಪ್ರೋಲಾಗ್‌ಗೆ ಹಾಗೇ ಸುರಿದರೆ ಈ ಮೂರೂ ಸೇರಿ ಒಂದೇ "ಇಲ್ಲ" ಆಗಿಬಿಡುತ್ತದೆ. ಆಮೇಲೆ ಬರುವ ತೀರ್ಮಾನ ಯಾರಿಗೆ ಬೇಕು?


ಸೊನ್ನೆಒಂದು:

ಆನ್ಸರ್ ಸೆಟ್‌ನಲ್ಲಿ ಎರಡು ಥರದ ನಿಷೇಧ ಇದೆ ಸ್ವಾಮಿ. ಗಟ್ಟಿಯಾಗಿ "ಅಲ್ಲ" ಅನ್ನುವುದು ಬೇರೆ, "ಸಾಬೀತಾಗಿಲ್ಲ" ಅನ್ನುವುದು ಬೇರೆ. ನೀವು ಹೇಳಿದ ಮೂರೂ ಸ್ಥಿತಿ ಬರೆಯಬಹುದು. ಬರೀ ಪ್ರೋಲಾಗ್‌ಗೆ ನಿಮ್ಮ ದೂರು ಸರಿ.


ಮೈಟೋ:

ಮೂರನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟರು, ನನಗೆ ಅದೇ ಚಂದ ಕಂಡಿತು.

ನಿಮ್ಮ ಎರಡು ವಾಕ್ಯಗಳಲ್ಲಿ ಕಾಲ ಇಲ್ಲ. ತರ್ಕದ "ಹೀಗಿದ್ದರೆ ಹಾಗೆ" ಅನ್ನುವುದು ಕಾರಣವನ್ನೂ ಹೇಳುವುದಿಲ್ಲ, ಸಮಯವನ್ನೂ ಹೇಳುವುದಿಲ್ಲ. ಪಿ53 ಈಗ ಇದ್ದರೆ ಎಂಡಿಎಂ2 ಆಮೇಲೆ ಬರುತ್ತದೆ. ಎಂಡಿಎಂ2 ಈಗ ಇದ್ದರೆ ಪಿ53 ಆಮೇಲೆ ಹೋಗುತ್ತದೆ. ಆ "ಆಮೇಲೆ" ಸೇರಿಸಿದ ತಕ್ಷಣ ವಿರೋಧ ಮಾಯ.

ಕಾಗದದ ಮೇಲೆ ಮಾಡಿ ನೋಡಿ. ಪ್ರತಿಯೊಂದಕ್ಕೂ 1 ಅಥವಾ 0. ಪಿ53ಯ ಮುಂದಿನ ಬೆಲೆ ಅಂದರೆ ಎಂಡಿಎಂ2ರ ಈಗಿನ ಬೆಲೆಗೆ ಉಲ್ಟಾ. ಎಂಡಿಎಂ2ರ ಮುಂದಿನ ಬೆಲೆ ಅಂದರೆ ಪಿ53ಯ ಈಗಿನ ಬೆಲೆ. ಪಿ53 ಇದೆ, ಎಂಡಿಎಂ2 ಇಲ್ಲ ಅನ್ನುವಲ್ಲಿಂದ ಶುರು ಮಾಡಿ. ಮೊದಲು ಎಂಡಿಎಂ2 ಬರುತ್ತದೆ, ಎರಡೂ 1. ಆಮೇಲೆ ಪಿ53 ಹೋಗುತ್ತದೆ. ಆಮೇಲೆ ಮಾಡಿಸುವವರಿಲ್ಲದೆ ಎಂಡಿಎಂ2ವೂ ಹೋಗುತ್ತದೆ, ಎರಡೂ 0. ತಡೆಯುವವರಿಲ್ಲದೆ ಪಿ53 ಮತ್ತೆ ಬರುತ್ತದೆ. ನಾಲ್ಕು ಹೆಜ್ಜೆಗೆ ಶುರುವಿನ ಜಾಗಕ್ಕೆ ಬಂದಿರಿ. ಪ್ರತಿ ಹೆಜ್ಜೆಯಲ್ಲೂ ಬದಲಾಗುವುದು ಒಂದೇ ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸಿದರೂ ಒಂದೊಂದಾಗಿ ಬದಲಾಯಿಸಿದರೂ ಇದೇ ಸುತ್ತು. ನಿಜವಾದ ಕೋಶದಲ್ಲೂ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಹೀಗೆ ಏರಿ ಇಳಿದು ಏರುವುದನ್ನು ಒಂದೊಂದೇ ಕೋಶ ನೋಡಿ 2004ರಲ್ಲಿ ತೋರಿಸಿದ್ದಾರೆ. ನಾವು ಮಾಡಿದ್ದು ತೀರಾ ಒರಟು ಚಿತ್ರ, ಎಷ್ಟು ಗಂಟೆಗೊಮ್ಮೆ ಅಂತ ಇದು ಹೇಳುವುದಿಲ್ಲ. ಆದರೂ ಏರಿಳಿತ ಬರುತ್ತದೆ ಅನ್ನುವುದು ಎರಡೇ ನಿಯಮದಿಂದ ಹೊರಬಿತ್ತು ನೋಡಿ.

ಇವಕ್ಕೆ ಬೂಲಿಯನ್ ಜಾಲ ಅಂತಾರೆ, ಸ್ಟುವರ್ಟ್ ಕಾಫ್‌ಮನ್ 1969ರಲ್ಲಿ ಜೀನ್‌ಗಳಿಗೆ ಬಳಸಿದ್ದು. ಇದರ ಮೇಲೆ ಕಾಲದ ತರ್ಕದಲ್ಲಿ ಪ್ರಶ್ನೆ ಕೇಳಬಹುದು: ಈ ಸ್ಥಿತಿಯಿಂದ ಹೊರಟರೆ ಕೋಶ ಸಾಯುವ ಸ್ಥಿತಿಗೆ ಎಂದಾದರೂ ತಲುಪುತ್ತದೆಯೇ, ಈ ಪ್ರೋಟೀನ್ ಇಲ್ಲದೆ ಅಲ್ಲಿಗೆ ಹೋಗುವ ದಾರಿ ಇದೆಯೇ. ಚಿಪ್ ಡಿಸೈನ್‌ನವರು ಸರ್ಕ್ಯೂಟ್ ಪರೀಕ್ಷಿಸಲು ಬಳಸುವ ಮಾಡೆಲ್ ಚೆಕರ್‌ಗಳೇ ಇಲ್ಲಿಗೂ ಸಾಕು. ಬಯೋಕ್ಯಾಮ್, ಪಾಥ್‌ವೇ ಲಾಜಿಕ್ ಅನ್ನುವ ಸಾಧನಗಳನ್ನೂ ನೋಡಿ.

ಔಲ್‌ನಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಅದು ಏನು ಯಾವುದರ ಜಾತಿ, ಏನು ಯಾವುದರ ಭಾಗ ಅಂತ ಹೇಳಲು ಇರುವುದು. ಏನಾದಮೇಲೆ ಏನು ಅನ್ನುವುದು ಅದರ ಕೆಲಸ ಅಲ್ಲ.


ಕೋಶಕುತೂಹಲಿ:

ಎಲ್ಲರಿಗೂ ತುಂಬಾ ಧನ್ಯವಾದ! ಮೈಟೋ ಅವರ ನಾಲ್ಕು ಹೆಜ್ಜೆ ಬರೆದು ನೋಡಿದೆ, ಮಜಾ ಬಂತು. ಎರಡು ಅನುಮಾನ ಉಳಿದಿವೆ. ಮುಂದೆ ಜೀನ್ ಆಂಟಾಲಜಿಯನ್ನೂ ಒಳಗೆ ತರಬೇಕು ಅಂತಿದ್ದೇನೆ. ಹರ್ಮಿಟ್ ನನ್ನ ಸಣ್ಣ ಫೈಲಿಗೇ ಏದುಸಿರು ಬಿಡುತ್ತಿದೆ, ಅಷ್ಟು ದೊಡ್ಡದು ತಡೆದೀತೇ? ಮತ್ತೆ ಸೊನ್ನೆಒಂದು ಹೇಳಿದ ಅಪವಾದದ ನಿಯಮಗಳೂ ಬೇಕು, ಆಂಟಾಲಜಿಯೂ ಬೇಕು. ಎರಡನ್ನೂ ಒಟ್ಟಿಗೆ ಇಡಬಹುದೇ?


ಹಳೇಹುಲಿ:

ವೇಗ ಬೇಕಿದ್ದರೆ ಔಲ್‌ನ ಇಎಲ್ ಅನ್ನುವ ಸಣ್ಣ ಭಾಗದೊಳಗೆ ಇರಿ, ರೀಸನರ್ ಎಲ್ಕ್ ಹಾಕಿ. ಪೂರ್ತಿ ಔಲ್‌ನಲ್ಲಿ ಲೆಕ್ಕದ ಕಷ್ಟ ಘಾತದ ಮೇಲೆ ಘಾತವಾಗಿ ಏರಬಹುದು. ಇಎಲ್‌ನಲ್ಲಿ ಹಾಗಾಗುವುದಿಲ್ಲ ಅಂತ ಗಣಿತದಲ್ಲೇ ಸಾಬೀತಾಗಿದೆ. ವೈದ್ಯಕೀಯ ಪದಗಳ ದೊಡ್ಡ ಆಂಟಾಲಜಿ ಸ್ನೋಮೆಡ್ ಸಿಟಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ, ಎಲ್ಕ್ ಅದನ್ನು ಸೆಕೆಂಡುಗಳಲ್ಲಿ ವಿಂಗಡಿಸಿ ಮುಗಿಸುತ್ತದೆ. ಜೀನ್ ಆಂಟಾಲಜಿ ಅದಕ್ಕಿಂತ ತುಂಬಾ ಚಿಕ್ಕದು.

ಬೆಲೆ ಏನೆಂದರೆ ಇಎಲ್‌ನಲ್ಲಿ "ಇವು ಮಾತ್ರ" ಅನ್ನೋಕೆ ಆಗುವುದಿಲ್ಲ, ಅಂದರೆ ಕಿಣ್ವ ಅವರ ಪಟ್ಟಿ ಮುಚ್ಚುವ ವಾಕ್ಯ ಅಲ್ಲಿ ನಡೆಯುವುದಿಲ್ಲ. "ಅಲ್ಲ" ಅಂತ ನೇರವಾಗಿ ಹೇಳಲೂ ಆಗದು. ಆದರೆ "ಬಲಿತ ಕೆಂಪು ರಕ್ತಕಣವೂ ಆಗಿ ನ್ಯೂಕ್ಲಿಯಸ್ ಕೂಡ ಇರುವಂಥದ್ದು ಯಾವುದೂ ಇಲ್ಲ" ಅಂತ ಬರೆಯಬಹುದು, ನಿಮ್ಮ ಮೊದಲ ಪ್ರಶ್ನೆಗೆ ಅಷ್ಟು ಸಾಕು.

ಜೀನ್ ಆಂಟಾಲಜಿ ತರುವಾಗ ಒಂದು ಎಚ್ಚರ. ಯಾವ ಸಂಬಂಧದ ಮೇಲೆ ಮಾಹಿತಿ ಮೇಲಕ್ಕೆ ಹರಿಯಬೇಕು, ಯಾವುದರ ಮೇಲೆ ಹರಿಯಬಾರದು ಅಂತ ಮೊದಲೇ ತೀರ್ಮಾನಿಸಿ. ಜಾತಿ ಮತ್ತು ಭಾಗದ ಮೇಲೆ ಹರಿಯುತ್ತದೆ. "ನಿಯಂತ್ರಿಸುತ್ತದೆ" ಅನ್ನುವುದರ ಮೇಲೆ ಹರಿಸಬೇಡಿ, ಕೋಶದ ಸಾವನ್ನು ತಡೆಯುವ ಪ್ರೋಟೀನ್ ಕೂಡ ಸಾಯಿಸುವ ಕೆಲಸಗಾರರ ಪಟ್ಟಿಗೆ ಬಂದು ಕೂರುತ್ತದೆ. ಭಾಗದ ಮೇಲೂ ಕಣ್ಣು ಮುಚ್ಚಿಕೊಂಡು ಹರಿಸುವ ಹಾಗಿಲ್ಲ. ಬೆರಳಿಗೆ ಗಾಯ ಅಂದರೆ ಕೈಗೆ ಗಾಯ, ಸರಿ. ಬೆರಳು ಕತ್ತರಿಸಿದರು ಅಂದರೆ ಕೈ ಕತ್ತರಿಸಿದರು ಅಂತ ಆಗಬಾರದು, ಅಲ್ವಾ. ಸ್ನೋಮೆಡ್‌ನಲ್ಲಿ ಒಂದು ಕಾಲಕ್ಕೆ ಇಂಥ ತೀರ್ಮಾನಗಳು ನಿಜವಾಗಿಯೂ ಬರುತ್ತಿದ್ದವು.


ಸೊನ್ನೆಒಂದು:

ಎರಡನ್ನೂ ಒಟ್ಟಿಗೆ ಇಡುವುದಕ್ಕೆ: ಮೊದಲು ಎಲ್ಕ್ ಓಡಿಸಿ, ಅದು ಕೊಟ್ಟ ಪೂರ್ತಿ ಕ್ಲಾಸ್ ಮರವನ್ನು ಸಾದಾ ಸತ್ಯಗಳಾಗಿ ಹೊರಗೆ ತೆಗೆಯಿರಿ. ಅದನ್ನು ಆನ್ಸರ್ ಸೆಟ್ ನಿಯಮಗಳನ್ನು ಓಡಿಸುವ ಕ್ಲಿಂಗೋಗೆ ಕೊಡಿ, "ಸಾಮಾನ್ಯವಾಗಿ" ಅನ್ನುವ ನಿಯಮಗಳು, ಅಪವಾದಗಳು ಎಲ್ಲ ಅಲ್ಲಿ. ಹರಿವು ಒಂದೇ ದಿಕ್ಕಿಗೆ ಇರಲಿ. ಕ್ಲಿಂಗೋದಿಂದ ಬಂದದ್ದನ್ನು ಆಂಟಾಲಜಿಗೆ ವಾಪಸ್ ತುರುಕಬೇಡಿ, ಊಹೆ ಯಾವುದು ವ್ಯಾಖ್ಯೆ ಯಾವುದು ಅಂತ ಆಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಇನ್ನೊಂದು, ಜೀವಿ ಯಾವುದು ಅನ್ನುವ ಕಾಲಂ ಎಲ್ಲ ಸತ್ಯಗಳಲ್ಲೂ ಇಟ್ಟುಕೊಳ್ಳಿ. ಹಾಲೂಡಿಕೆ ಸಸ್ತನಿಗಳಲ್ಲಿ ಮಾತ್ರ ಅಂತ ಜೀನ್ ಆಂಟಾಲಜಿಯಲ್ಲೇ ನಿರ್ಬಂಧ ಇದೆ. ಅಂಥ ನಿರ್ಬಂಧಗಳನ್ನು ಕ್ಲಿಂಗೋಗೂ ಹಾಕಿದರೆ ಕೋಳಿಯ ಜೀನಿಗೆ ಯಾರೋ ಹಾಲೂಡಿಕೆ ಅಂಟಿಸಿರುವುದು ಮೊದಲ ಸಲ ಓಡಿಸಿದಾಗಲೇ ಸಿಕ್ಕಿಬೀಳುತ್ತದೆ.


ಕೋಶಕುತೂಹಲಿ:

ಎಲ್ಕ್ ಹಾಕಿದೆ, ಕ್ಷಣದಲ್ಲಿ ಮುಗಿಯಿತು. ಕೆಂಪು ರಕ್ತಕಣದ ಹೆಸರು ಈಗ ಕಪ್ಪಾಗಿದೆ. ಕ್ಲಿಂಗೋ ಇನ್‌ಸ್ಟಾಲ್ ಆಗುತ್ತಿದೆ, ಅದರ ತಕರಾರು ಏನಿದ್ದರೂ ಇಲ್ಲೇ ಬಂದು ಕೇಳುತ್ತೇನೆ.